ತಡವಳದ ಫೈಲಿನ ಕೊನೆಯ ಸಾಲು

ನಿವೃತ್ತಳಾಗಿ ಎಂಟು ತಿಂಗಳಾದ ಮೇಲೆ, ನನ್ನ ಕುರ್ಚಿಗೆ ಬಂದ ಹುಡುಗಿ ಫೋನ್ ಮಾಡಿದಳು.

“ಅಕ್ಕಾ, ಎಲ್ಲಾ ಹಳ್ಳೀ ಫೈಲೂ ತಮ್ಮ ಕೆಲಸ ಮುಗಿಸಿ ಸುಮ್ನ ಮುಚ್ಕೋತಾವ. ತಡವಳದ್ದೊಂದು ಮುಚ್ಚೂದೇ ಇಲ್ಲ. ಕೊನೀಗಿ ಒಂದು ಸಾಲ್ ಜಾಸ್ತಿ ಅದ. ತಪ್ಪಿ ಉಳದದೇನು? ತಗದ್ಬಿಡ್ಲಾ?”

“ಮುಟ್ಟಬ್ಯಾಡ,” ಅಂದೆ. ಯಾಕೆ ಎಂದು ಕೇಳಿದಳು. ಫೋನಿನಲ್ಲಿ ಹೇಳುವ ಮಾತಲ್ಲ, ಬರೆದು ಕಳಿಸುತ್ತೇನೆ ಎಂದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಾಲಿ ಕಲಿತದ್ದೆಲ್ಲ ಮರಾಠಿಯಲ್ಲಿ. ಅಜ್ಜಿಯಿಂದ ಓದಿಸಿಕೊಳ್ಳಲಿ. ಅಜ್ಜಿಗೂ ಹೊತ್ತು ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಆ ಒಂದು ಸಾಲಿನಿಂದ ತಡವಳದ ನೀರಿನ ಟಾಕಿಯೊಳಗೆ ಇಬ್ಬರು ಗಂಡಸರು ಮುಳುಗದೆ ಉಳಿದರು. ಉಳಿಸಿದವಳು ನಾನು ಎಂದು ಬರೆದ ಪ್ರಶಸ್ತಿಪತ್ರ ಈಗಲೂ ಕಚೇರಿಯ ಗೋಡೆಯ ಮೇಲಿದೆ. ಅವರು ಮುಳುಗುವ ಹಾಗೆ ಮಾಡಿದವರು ಯಾರು ಎನ್ನುವುದು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಅದನ್ನು ಬರೆಯಬೇಕಾಗಿದೆ.

ನನ್ನ ಬಡ್ತಿಗಳ ವಿಷಯ ಬೇಡ. ಎರಡು ಬಂದವು, ಎರಡೂ ನನ್ನ ಮುಂದಿನವರು ನಿವೃತ್ತರಾದ ಕಾರಣಕ್ಕೆ ಬಂದವು. ಬೀಳ್ಕೊಡುವ ದಿನ ಒಂದು ಸೋಲಾಪುರಿ ಚಾದರ, ಒಂದು ತೆಂಗಿನಕಾಯಿ, ಒಂದು ಗೋಡೆ ಗಡಿಯಾರ ಕೊಟ್ಟರು. ಇಡೀ ಆಯುಷ್ಯ ಗಡಿಯಾರ ನೋಡಿ ನೋಡಿ ಹಳ್ಳಿಗಳಿಗೆ ನೀರು ಬಿಟ್ಟವಳಿಗೆ ಮತ್ತೊಂದು ಗಡಿಯಾರ! ಚಾದರ ಚೆನ್ನಾಗಿದೆ.

ಕೆಲಸ ಇಷ್ಟೇ. ಸೋಲಾಪುರದಲ್ಲಿ ನಮ್ಮ ಕಂಟ್ರೋಲ್ ರೂಮು. ಅಕ್ಕಲಕೋಟ ತಾಲೂಕಿನ ಕಡೆಗೆ ಹನ್ನೂರ, ತಡವಳ, ಚಪಳಗಾಂವ, ಹೀಗೆ ಹಳ್ಳಿಗೊಂದು ನೆಲದೊಳಗಿನ ಟಾಕಿ, ಒಂದು ಪಂಪ್ ಮನೆ, ಒಬ್ಬ ಆಪರೇಟರ್. ಯಾವ ಹಳ್ಳಿಯ ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದು ನಮ್ಮ ಕೈಯಲ್ಲಿ. ನಾನು ಸೇರಿದಾಗ ಎಲ್ಲವೂ ಫೋನಿನ ಮೇಲೆ ನಡೆಯುತ್ತಿತ್ತು. ನಾವು ಹೇಳುವುದು, ಆಪರೇಟರ್ ಎದ್ದು ಹೋಗಿ ಚಕ್ರ ತಿರುಗಿಸುವುದು, ತಿರುಗಿ ಬಂದು ಹೇಳುವುದು.

ತಡವಳದ ಆಪರೇಟರ್ ಸಿದ್ರಾಮ. ನನಗಿಂತ ಹತ್ತು ವರ್ಷ ಚಿಕ್ಕವನು, ಮಾತಿನಲ್ಲಿ ಹತ್ತು ಪಟ್ಟು ದೊಡ್ಡವನು. ವಾಲ್ವ್ ತೆರೆದೆ ಎಂದು ಹೇಳಲು ಅವನಿಗೆ ಐದು ನಿಮಿಷ ಬೇಕು. ಎಮ್ಮೆ ಈದದ್ದು, ಬಸ್ಸು ಬಾರದ್ದು, ಹೆಂಡತಿ ಮಹಾದೇವಿ ಮುನಿಸಿಕೊಂಡದ್ದು ಎಲ್ಲ ಆದ ಮೇಲೆ ವಾಲ್ವ್. ಕೊನೆಗೆ ತಪ್ಪದೆ ಕೇಳುತ್ತಿದ್ದ, “ಇಡ್ಲೇನ್ರಿ ಅಕ್ಕಾರ?” ನಮ್ಮ ಕಡೆ ಯಾರೂ ಕೇಳದೆ ಫೋನ್ ಇಡುವುದಿಲ್ಲ. ಕನ್ನಡದವರೂ ಕೇಳುತ್ತಾರೆ, ಮರಾಠಿಯವರೂ ಕೇಳುತ್ತಾರೆ. ಆ ಕಡೆಯವರು “ಇಡ್ರಿ” ಎನ್ನಬೇಕು, ಆಮೇಲೆಯೇ ಇಡುವುದು. ನಮ್ಮ ಕೆಲಸದಲ್ಲಂತೂ ಆ “ಇಡ್ರಿ”ಗೆ ತೂಕವಿತ್ತು. ನೀನು ಹೇಳಿದ್ದು ಕೇಳಿದೆ, ರಿಜಿಸ್ಟರಿನಲ್ಲಿ ಬರೆದುಕೊಂಡೆ, ನೀನಿನ್ನು ನಿಶ್ಚಿಂತೆಯಿಂದ ಹೋಗು ಎನ್ನುವುದೆಲ್ಲ ಅದರಲ್ಲಿ ಬರುತ್ತಿತ್ತು.

ನಾನು ಅರಿವೆ ವ್ಯಾಪಾರದ ಮನೆಯವಳು. ನಮ್ಮಪ್ಪನ ಅಂಗಡಿಯಲ್ಲಿ ಸಂಜೆ ಬಾಗಿಲು ಎಳೆಯುವಾಗ “ಮುಚ್ಚು” ಎನ್ನುವ ಹಾಗಿರಲಿಲ್ಲ, ಅಪಶಕುನ. ಕೊನೆಯ ಗಿರಾಕಿ ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವ ತನಕ ಬಾಗಿಲಿಗೆ ಕೈ ಹಚ್ಚುವ ಹಾಗೂ ಇರಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳಿಗೆ ಮುಂದೆ ಬಂದ ಹೊಸ ಪದ್ಧತಿ ಮೈಗೆ ಒಗ್ಗಲಿಲ್ಲ ಎಂದರೆ ಆಶ್ಚರ್ಯವೇನಿಲ್ಲ.

ಹೊಸ ಪದ್ಧತಿ ತಂದವರು ಪುಣೆಯಿಂದ ವರ್ಗವಾಗಿ ಬಂದ ಸಾಹೇಬರು. ಬುದ್ಧಿವಂತರು, ಇಸ್ತ್ರಿ ಮುರಿಯದ ಅಂಗಿಯವರು. ಹಳ್ಳಿ ಹಳ್ಳಿಗೂ ಕಂಪ್ಯೂಟರ್ ಬಂತು, ವಾಲ್ವಿಗೆ ಮೋಟಾರ್ ಬಂತು. ಪ್ರತಿ ಹಳ್ಳಿಗೆ ಒಂದು ಫೈಲು, ಅದರಲ್ಲಿ ಸಾಲು ಸಾಲಾಗಿ ಆದೇಶಗಳು. ಸೋಲಾಪುರದಲ್ಲಿ ಕೂತು ಫೈಲಿನ ಮೇಲೆ ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆದುಕೊಂಡು ಹಳ್ಳಿಯ ಕಂಪ್ಯೂಟರಿಗೆ ತಗಲುತ್ತದೆ, ಆದೇಶಗಳನ್ನೆಲ್ಲ ಓದಿ ಹೇಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ‘ಸಕ್ಸೆಸ್’ ಎಂದು ಹಸಿರು ಅಕ್ಷರ. ಆ ಕಡೆಯವರು ಏನಂದರು ಎಂದು ಕೇಳುವ ಪ್ರಶ್ನೆಯೇ ಇಲ್ಲ. ಹೇಳಿ ಮುಗಿಯಿತು, ಫೋನ್ ಕುಕ್ಕಿ ಇಟ್ಟ ಹಾಗೆ.

ಎಂಟು ದಿನ ಸಕ್ಸೆಸ್ ನಡೆಯಿತು. ಒಂಬತ್ತನೆಯ ದಿನ ಚಪಳಗಾಂವದಿಂದ ಗೌರವ್ವ ಎಂಬ ಮುದುಕಿ ಬಸ್ಸು ಹತ್ತಿ ಬಂದು, ಯಾರನ್ನೂ ಕೇಳದೆ ಒಳಗೆ ನುಗ್ಗಿ, ಖಾಲಿ ಕೊಡವನ್ನು ನನ್ನ ಕೀಬೋರ್ಡಿನ ಮೇಲೆ ಧಪ್ಪೆಂದು ಇಟ್ಟಳು.

“ನೀರ್ ಬಿಟ್ಟೀವಿ ಅಂತ ದಿನಾ ಹೇಳ್ತೀರಂತ ಪಂಚಾಯ್ತ್ಯಾಗ. ಎಲ್ಲಿ ಬಿಟ್ಟೀರಿ?”

“ಆಯೀ, ಇಲ್ಲಿ ನೋಡ್ರಿ, ಸಕ್ಸೆಸ್ ಅಂತ ಬಂದದ,” ಎಂದು ಪರದೆ ತೋರಿಸಿದೆ. ಆಗ ನನಗೂ ಅಷ್ಟೇ ಬುದ್ಧಿ.

“ಹಂಗಾದ್ರ ಅದನ್ನಽ ತುಂಬವ್ವಾ ಈ ಕೊಡದಾಗ. ಹೊತಗೊಂಡ್ ಹೋಗ್ತೀನಿ.”

ನಾಚಿಕೆಯಾಯಿತು. ಗೌರವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ಚಹಾ ತರಿಸಿ, ಆದೇಶಗಳನ್ನು ಒಂದೊಂದಾಗಿ ಕೈಯಿಂದ ಟೈಪ್ ಮಾಡಿ ನೋಡಿದೆ. ಚಪಳಗಾಂವದ ಕಂಪ್ಯೂಟರು ಎಂಟೂ ದಿನ ಒಂದೇ ಉತ್ತರ ಕೊಡುತ್ತಿತ್ತು: ನಿಮಗೆ ಈ ವಾಲ್ವ್ ತೆರೆಯುವ ಅಧಿಕಾರವಿಲ್ಲ. ಪಾಪ, ಅದು ತಪ್ಪದೆ ಹೇಳುತ್ತಿತ್ತು. ಕೇಳಿಸಿಕೊಳ್ಳುವಷ್ಟರಲ್ಲಿ ನಮ್ಮ ಕಿಟಕಿ ಮುಚ್ಚುತ್ತಿತ್ತು. ಹಸಿರು ಅಕ್ಷರವೋ, ಫೈಲು ಓದಿ ಮುಗಿದರೆ ಸಾಕು, ತಾನಾಗಿ ಮೂಡುತ್ತಿತ್ತು.

ಅಂದಿನಿಂದ ನನಗೊಂದೇ ಹಟ. ಆದೇಶ ಮುಗಿದ ಮೇಲೂ ಕಿಟಕಿ ತೆರೆದಿರಬೇಕು, ಆ ಕಡೆಯವರು ಏನನ್ನುತ್ತಾರೆ ಎಂದು ಕೇಳಬೇಕು. ಉಪಾಯ ದೊಡ್ಡದೇನಲ್ಲ. ಫೈಲಿನ ಕೊನೆಗೆ ಇನ್ನೊಂದು ಸಾಲು ಬರೆದರಾಯಿತು: ಎಲ್ಲ ಮುಗಿದ ಮೇಲೆ ಹೋಗಬೇಡ, ಕೂತಿರು, ಮುಂದಿನ ಮಾತಿಗೆ ಕಾಯಿ. ಮೊದಲು ತಡವಳದ ಫೈಲಿನಲ್ಲಿ ಬರೆದೆ. ಕಿಟಕಿ ನಿಂತಿತು, ಆದರೆ ಮುಸುಕು ಹಾಕಿದ ಹಾಗೆ ನಿಂತಿತು. ಕಪ್ಪನೆಯ ಪರದೆ, ಮಿಣುಕುವ ಗುರುತೂ ಇಲ್ಲ. ಸತ್ತಿದೆ ಅಂದುಕೊಂಡು ವಾಲ್ವ್ ತೆರೆ ಎಂದು ಟೈಪ್ ಮಾಡಿದೆ. ಏನೂ ಇಲ್ಲ. ಮುಚ್ಚು ಎಂದೆ. ಏನೂ ಇಲ್ಲ. ಸಿಟ್ಟು ಬಂದು ತೆರೆ ಮುಚ್ಚು ತೆರೆ ಮುಚ್ಚು ಎಂದು ಹತ್ತು ಸಲ ಬಡಿದೆ. ಸ್ವಲ್ಪ ಹೊತ್ತಿಗೆ ಸಿದ್ರಾಮನ ಫೋನು.

“ಅಕ್ಕಾರ, ವಾಲ್ವಿನ ಮೈಯಾಗ ದೇವ್ರು ಬಂದಂಗ ಕಾಣ್ತದರಿ. ನಿಂಬಿಹಣ್ಣು ಕೊಯ್ಲೇನು?”

ಕಿಟಕಿ ಜೀವಂತವಿತ್ತು, ನಾನು ಹೇಳಿದ್ದನ್ನೆಲ್ಲ ಮೌನವಾಗಿ ಮಾಡುತ್ತಿತ್ತು. ಉಳಿದುಕೊ ಎಂದಷ್ಟೇ ಹೇಳಿದರೆ ಸಾಲದು, ಎದುರುಬದುರು ಕೂತು ಮಾತಾಡುವ ಟರ್ಮಿನಲ್ಲನ್ನೂ ಬೇರೆಯಾಗಿ ಕೇಳಿಕೊಳ್ಳಬೇಕು ಎಂದು ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು. ಈಗಿನ ಮಕ್ಕಳಿಗೆ ಎರಡು ನಿಮಿಷ. ಆದರೂ ಆ ದಿನ ಕಪ್ಪು ಪರದೆಯ ಮೇಲೆ ಮಿಣುಕುವ ಗುರುತು ಕಂಡಾಗ ಆದ ಸಂತೋಷ ನನಗೆ ಬಡ್ತಿಯಲ್ಲಿ ಆಗಲಿಲ್ಲ.

ಆಮೇಲೆ ಇನ್ನೊಂದು ಅನುಕೂಲ ಮಾಡಿಕೊಂಡೆ. ಹಳ್ಳಿಯ ಕಂಪ್ಯೂಟರಿನಲ್ಲಿ ಆಪರೇಟರ್ ಟೈಪ್ ಮಾಡಿದ್ದು ನನ್ನ ತೆರೆದ ಕಿಟಕಿಯಲ್ಲಿ ಮೂಡುವ ಹಾಗೆ, ನನ್ನದು ಅವನಲ್ಲಿ. ಕಿಟಕಿ ಮುಚ್ಚಿದ್ದರೆ ಅವನ ಮಾತು ಎಲ್ಲಿಯೂ ಮೂಡುವುದಿಲ್ಲ. ಉಳಿದ ಆಪರೇಟರುಗಳು ಒಂದೆರಡು ಪದ ಬರೆದು ಬಿಟ್ಟರು. ಸಿದ್ರಾಮ ಬಿಡಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ತಡವಳದ ಕನ್ನಡ ಸುರುವಾಯಿತು. ಟಾಕಿ ತುಂಬಿದ್ದು, ಎಮ್ಮೆ, ಬಸ್ಸು, ಮಹಾದೇವಿ, ಕೊನೆಗೆ “ಇಡ್ಲೇನ್ರಿ ಅಕ್ಕಾರ?” ನಾನು “ಇಡ್ರಿ” ಎನ್ನುವುದು. ಮೊದಮೊದಲು ಪ್ರತಿಯೊಂದನ್ನೂ ಓದಿ, ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಇಡ್ರಿ ಎನ್ನುತ್ತಿದ್ದೆ. ಬರಬರುತ್ತಾ ಕೈಗೆ ರೂಢಿಯಾಯಿತು.

ಮಧ್ಯಾಹ್ನ ಮಹಾದೇವಿ ಪಂಪ್ ಮನೆಗೆ ರೊಟ್ಟಿ ಗಂಟು ತರುತ್ತಿದ್ದಳು. ಅವನ ಕೈ ಶೇಂಗಾ ಹಿಂಡಿಯಲ್ಲಿದ್ದಾಗ, “ಏ, ಅಕ್ಕಾರಿಗೆ ಇಡ್ಲೇನ್ರಿ ಅಂತ ಹೊಡಿ,” ಎಂದು ಅವಳಿಗೆ ಹೇಳುತ್ತಿದ್ದ. ಇಂಗ್ಲಿಷಿನ ಏಳು ಅಕ್ಷರ, ಏಳು ಗುಂಡಿ. ಅವಳು ಅದೊಂದನ್ನೇ ಕಲಿತಳು. ‘ಅಕ್ಕಾರ’ ಸೇರಿಸಲು ಬರುತ್ತಿರಲಿಲ್ಲ. ಬರೀ ‘ಇಡ್ಲೇನ್ರಿ’ ಬಂದರೆ ಮಹಾದೇವಿ ಎಂದು ನನಗೆ ತಿಳಿಯುತ್ತಿತ್ತು. ರೊಟ್ಟಿಯ ಹೊತ್ತಾಯಿತು ಎಂದು ನಾನೂ ಡಬ್ಬಿ ತೆಗೆಯುತ್ತಿದ್ದೆ.

ಈ ಸುಖಕ್ಕೆ ದೃಷ್ಟಿ ತಾಗಿತು. ಸಾಹೇಬರ ಮೆಮೊ ಬಂತು: ತಡವಳ ಮುಂತಾದ ಸಂಪರ್ಕಗಳನ್ನು ಕೆಲಸ ಮುಗಿದ ನಂತರವೂ ದಿನವಿಡೀ ತೆರೆದಿಟ್ಟಿರುವುದಕ್ಕೆ ಕಾರಣವೇನು, ಮೂರು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಒಳಗೆ ಕರೆದು, ರಾತ್ರಿ ನಿಮ್ಮ ಮನೆಯ ಬಾಗಿಲನ್ನೂ ಹೀಗೇ ತೆರೆದಿಟ್ಟು ಮಲಗುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತೆರೆದ ಕಿಟಕಿಯೊಳಗೆ ಯಾರು ಬೇಕಾದರೂ ಕೈ ಹಾಕಬಹುದು. ಆದರೆ ಅದನ್ನು ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. ಬರುವ ಗುರುವಾರ ದೊಡ್ಡ ದೊಡ್ಡವರು ನೋಡಲು ಬರುತ್ತಾರೆ, ಒಂದೇ ಗುಂಡಿಗೆ ಎಲ್ಲ ಹಳ್ಳಿಗೂ ನೀರು ಬಿಟ್ಟು ತೋರಿಸುತ್ತೇವೆ, ಅಷ್ಟರಲ್ಲಿ ಎಲ್ಲ ಫೈಲುಗಳ ಕೊನೆಯ ಸಾಲು ಹೋಗಿರಬೇಕು ಎಂದರು.

ಬುಧವಾರ ಮಧ್ಯಾಹ್ನ ಮುಖ ಊದಿಸಿಕೊಂಡು ಸಾಲು ಅಳಿಸಲು ಕೂತೆ. ಹನ್ನೂರದ್ದು ಅಳಿಸಿದೆ. ಚಪಳಗಾಂವದ್ದು ಅಳಿಸಿದೆ. ಉಳಿದವನ್ನೂ ಅಳಿಸಿದೆ. ತಡವಳದ್ದನ್ನು ತೆರೆಯಬೇಕು, ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದೆ, ಮೆಮೊಗೆ ಉತ್ತರ ಬರೆಯಲು ಕೂತೆ, ತಡವಳ ಮರೆತೇಹೋಯಿತು. ಮುಂದೆ ಪ್ರಶಸ್ತಿಪತ್ರದಲ್ಲಿ ‘ದೂರದೃಷ್ಟಿ’ ಎಂದು ಬರೆದದ್ದು ಇದನ್ನೇ.

ಗುರುವಾರ ಹನ್ನೊಂದು ಗಂಟೆ. ಕೋಣೆಯ ತುಂಬ ಜನ, ಗೋಡೆಯ ತುಂಬ ಪರದೆ, ತಟ್ಟೆಯ ತುಂಬ ಪೇಢೆ. ಸಾಹೇಬರು ಗುಂಡಿ ಒತ್ತಿದರು. ಹಳ್ಳಿಗಳ ಕಿಟಕಿಗಳು ಒಂದೊಂದಾಗಿ ತೆರೆದವು, ಮುಚ್ಚಿದವು, ಹಸಿರಾದವು. ಚಪ್ಪಾಳೆ. ಮೂಲೆಯಲ್ಲಿ ಒಂದು ಕಪ್ಪು ಚೌಕ ಮಾತ್ರ ಉಳಿಯಿತು, ಬಿಳಿ ಗೋಡೆಯ ಮೇಲೆ ಜಿರಲೆ ಕೂತ ಹಾಗೆ. ತಡವಳ! ಸಾಹೇಬರು ನನ್ನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಮುಚ್ಚಿಬಿಡೋಣ ಎಂದು ಮೌಸಿಗೆ ಕೈ ಹಾಕಿದೆ.

ಆಗ ಅದರಲ್ಲಿ ಮೂಡಿತು: ಇಡ್ಲೇನ್ರಿ.

ಕೈ ತಾನಾಗಿ ‘ಇಡ್ರಿ’ ಎಂದು ಹೊಡೆಯಿತು. ಮತ್ತೆ ಮೂಡಿತು: ಇಡ್ಲೇನ್ರಿ. ಕೆಳಗೆ ಇನ್ನೊಂದು. ಅದರ ಕೆಳಗೆ ಇನ್ನೊಂದು.

ಇಡ್ರಿ ಎಂದ ಮೇಲೆ ಮತ್ತೆ ಇಡ್ಲೇನ್ರಿ ಎಂದು ಕೇಳುವವರನ್ನು ನಾನು ಎಲ್ಲೂ ಕಂಡಿಲ್ಲ. ಟಾಕಿಯ ಸುದ್ದಿ ಇಲ್ಲ, ಎಮ್ಮೆಯ ಸುದ್ದಿ ಇಲ್ಲ, ಬಂದವಳೇ ಇಡಲೇ ಎನ್ನುತ್ತಿದ್ದಾಳೆ. ‘ಅಕ್ಕಾರ’ ಇಲ್ಲ, ಅಂದರೆ ಇವಳು ಮಹಾದೇವಿ. ರೊಟ್ಟಿಯ ಹೊತ್ತೂ ಅಲ್ಲ. ಹಾಗಾದರೆ ಸಿದ್ರಾಮ ಎಲ್ಲಿ? ಅವಳಿಗೆ ಬರುವ ಮಾತು ಇದೊಂದೇ. ಇದನ್ನು ಬಿಟ್ಟು ಬೇರೆ ಏನೋ ಹೇಳಬೇಕಾಗಿದೆ ಅವಳಿಗೆ.

ಅದೇ ಕಿಟಕಿಯಲ್ಲಿ ತಡವಳದ ವಾಲ್ವ್ ಮುಚ್ಚು ಎಂದು ಹೊಡೆದೆ. ಅದು ಮುಚ್ಚಿಹೋಗಿದ್ದರೆ, ಆ ವಾರ ಬಂದ ಹೊಸ ನಿಯಮದಂತೆ, ಮತ್ತೆ ತೆರೆಯಲು ಒಂದು ಗುಟ್ಟಿನ ಅಂಕಿ ಬೇಕಿತ್ತು. ಆ ಅಂಕಿ ಬರುವುದು ಸಾಹೇಬರ ಮೊಬೈಲಿಗೆ. ಸಾಹೇಬರ ಮೊಬೈಲು ಆ ಹೊತ್ತಿಗೆ ಫೋಟೋ ತೆಗೆಯುತ್ತಿದ್ದವನ ಕೈಯಲ್ಲಿತ್ತು.

ಗೋಡೆಯ ಮೇಲೆ ತಡವಳ ಕೆಂಪಾಯಿತು. ಚಪ್ಪಾಳೆ ನಿಂತಿತು.

“ಬಾಯಿ! ಕಾಯ್ ಕೇಲಂತ್ ಹೇ?” ಏನು ಮಾಡಿದಿರಿ ಇದು ಎಂದು ಸಾಹೇಬರು ಕೂಗಿದರು.

“ಗೊತ್ತಿಲ್ಲ ಸಾಹೇಬ,” ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಸಿದ್ರಾಮನ ಫೋನು ಬಂತು. ಹಲ್ಲು ಕಟಕಟ ಅನ್ನುವುದು ಇಲ್ಲಿಗೆ ಕೇಳುತ್ತಿತ್ತು. “ಅಕ್ಕಾರ, ನೀರ್ ನಿಂತದರಿ. ಎದಿ ಮಟ ಬಂದಿತ್ತು. ನಾನೂ ನನ್ನ ತಮ್ಮ ನಾಗ್ಯಾನೂ ಇಬ್ರೂ ಹೊರಗ ಬಂದೀವ್ರಿ. ಇಡ್ಲೇನ್ರಿ?” ಅಂಥ ಹೊತ್ತಿನಲ್ಲೂ ಕೇಳಿದ!

ಅಣ್ಣತಮ್ಮ ಇಬ್ಬರೂ ಟಾಕಿ ತೊಳೆಯಲು ಇಳಿದಿದ್ದರು. ವಾಲ್ವ್ ತೆರೆದುಕೊಂಡು, ನೀರು ನುಗ್ಗಿ, ಬಿದಿರಿನ ಏಣಿಯನ್ನು ಕೆಡವಿತು. ಮೇಲೆ ಬರಲು ದಾರಿಯಿಲ್ಲ. ಆ ಹೊತ್ತಿಗೆ ಚಹಾ ಕೊಡಲು ಬಂದ ಮಹಾದೇವಿ ಕೂಗು ಕೇಳಿದಳು. ಗಂಡನ ಮೊಬೈಲು ಗೂಟದ ಮೇಲಿನ ಅಂಗಿಯ ಕಿಸೆಯಲ್ಲಿತ್ತು, ಅದನ್ನು ತೆರೆಯಲು ಅವಳಿಗೆ ಬಾರದು. ಮೋಟಾರ್ ಹಾಕಿದ ವಾಲ್ವ್ ಕೈಯಿಂದ ತಿರುಗಲಿಲ್ಲ. ಹೊಲದ ಕಡೆ ಬೊಬ್ಬೆ ಹೊಡೆದಳು, ಯಾರೂ ಇಲ್ಲ. ಕಂಪ್ಯೂಟರಿನ ಮುಂದೆ ಕೂತು ತನಗೆ ಬರುವುದನ್ನು ಹೊಡೆದಳು. ನೀರು ನಿಂತ ಮೇಲೆ ಅವಳೇ ಬಾವಿಯ ಹಗ್ಗ ತಂದು ಕಂಬಕ್ಕೆ ಕಟ್ಟಿ ಒಳಗೆ ಬಿಟ್ಟಳು. ಇಬ್ಬರೂ ಅದನ್ನು ಹಿಡಿದು ಹತ್ತಿ ಬಂದರು.

ಕೋಣೆಯಲ್ಲಿ ಒಮ್ಮೆಲೇ ಗಾಳಿ ಬದಲಾಯಿತು. ಸಾಹೇಬರು ದೊಡ್ಡವರ ಕಡೆ ತಿರುಗಿ, ಹೊಸ ವ್ಯವಸ್ಥೆಯಲ್ಲಿ ಇಂಥ ಸುರಕ್ಷತೆಗೂ ಅವಕಾಶ ಮಾಡಿದ್ದೇವೆ ಎಂದರು. ನನ್ನ ಕೈಗೆ ಎರಡು ಪೇಢೆ ಬಂದವು. ಎಲ್ಲರೂ ಊಟಕ್ಕೆ ಎದ್ದರು.

ನಾನು ಒಬ್ಬಳೇ ಕೂತು ಆ ಕಿಟಕಿಯನ್ನು ಮೇಲಕ್ಕೆ ಸರಿಸಿದೆ. ಟಾಕಿ ತೊಳೆಯಲು ಇಳಿಯುವ ಮೊದಲು ಸೋಲಾಪುರಕ್ಕೆ ಹೇಳಲೇಬೇಕೆಂಬ ನಿಯಮವಿದೆ. ಸಿದ್ರಾಮ ಯಾಕೆ ಹೇಳಲಿಲ್ಲ, ಬೈಯೋಣ ಎಂದು ನೋಡಿದೆ. ತಡವಳದ ಕಿಟಕಿ ಬುಧವಾರದಿಂದ ಮುಚ್ಚಿರಲೇ ಇಲ್ಲ, ಗುರುವಾರದ ಆದೇಶವೂ ಅದರೊಳಗೇ ಹೋಗಿತ್ತು, ಹಾಗಾಗಿ ಹಿಂದಿನ ದಿನದ ಮಾತುಗಳೂ ಅಲ್ಲಿದ್ದವು. ಬುಧವಾರ ಮಧ್ಯಾಹ್ನ, ನಾನು ಸಾಲು ಅಳಿಸುತ್ತಾ ಕೂತಿದ್ದ ಹೊತ್ತಿಗೆ ಅವನು ಬರೆದಿದ್ದ: ಎಮ್ಮೆಗೆ ಜ್ವರ ಬಂದದರಿ. ನಾಳಿ ಹತ್ತಕ್ಕ ಟಾಕಿ ತೊಳ್ಯಾಕ ನಾನೂ ನಾಗ್ಯಾನೂ ಇಳೀತೀವ್ರಿ, ವಾಲ್ವ್ ತಗೀಬ್ಯಾಡ್ರಿ. ಇಡ್ಲೇನ್ರಿ ಅಕ್ಕಾರ?

ಅದರ ಕೆಳಗೆ ನನ್ನದು: ಇಡ್ರಿ.

ಓದಿರಲಿಲ್ಲ. ಎಮ್ಮೆ ಎಂದು ಕಂಡದ್ದೇ ಕೈ ಇಡ್ರಿ ಎಂದಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಂಡು ಸಕ್ಸೆಸ್ ಎನ್ನುವ ಕಿಟಕಿಯನ್ನು ಇಷ್ಟು ದಿನ ಬೈದವಳು ನಾನು. ಊಟದ ಕೋಣೆಯಿಂದ ನಗು ಕೇಳುತ್ತಿತ್ತು. ಆ ಮಾತು ಇರುವುದು ಈ ಕಿಟಕಿಯಲ್ಲಿ ಮಾತ್ರ, ಬೇರೆಲ್ಲೂ ದಾಖಲೆಯಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕಿಟಕಿ ಮುಚ್ಚಿದೆ. ಯಾರನ್ನೂ ಕೇಳಲಿಲ್ಲ.

ಮರುದಿನ ರಜೆ ಹಾಕಿ ತಡವಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ, ಅಂಗಳದಲ್ಲಿ ಸಿದ್ರಾಮನನ್ನು ಕಂಡ ಕೂಡಲೇ ಒಂದೂ ನೆನಪಾಗಲಿಲ್ಲ. “ಸಿದ್ರಾಮ, ನೀ ಬರದದ್ದು ನಾ ಓದಿದ್ದಿಲ್ಲೋ,” ಎಂದು ಅತ್ತೆ.

“ಗೊತ್ತದರಿ ಅಕ್ಕಾರ,” ಎಂದ. “ನೀರ್ ಬಂದಾಗಽ ಗೊತ್ತಾತು. ನೀವು ಇಡ್ರಿ ಅಂದಿದ್ರಿ. ಅದಕ್ಕಽ ಇಳದಿದ್ವಿ.” ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮಹಾದೇವಿ ಚಹಾ ತಂದಿಟ್ಟಳು. ಅವಳು ಗಂಡನ ಹಾಗಲ್ಲ, ಮಾತು ಕಡಿಮೆ, ಇದ್ದದ್ದು ನೆಟ್ಟಗೆ. “ಆಂವಾ ಅಷ್ಟುದ್ದ ಬರದ್ರ ನೀವು ಓದ್ಲಿಲ್ಲ. ನನಗ ಒಂದಽ ಮಾತ್ ಬರ್ತಿತ್ತು, ಅದನ್ನ ಓದಿದ್ರಿ. ಇನ್ಮ್ಯಾಲೆ ಎಲ್ಲಾ ಓದ್ರಿ ಅಕ್ಕಾರ. ಚಾ ತಗೋರಿ.”

ಕಚೇರಿಗೆ ನಾನು ಹೇಳಲಿಲ್ಲ. ಪ್ರಶಸ್ತಿಪತ್ರ ಬಂದ ದಿನ ಹೇಳಬೇಕಿತ್ತು, ನಿವೃತ್ತಿಯ ದಿನ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಮೆಮೊ ಕೂಡ ಹಿಂದಕ್ಕೆ ಹೋಗಲಿಲ್ಲ. ಸಂಪರ್ಕ ತೆರೆದಿಟ್ಟಿದ್ದಕ್ಕೆ ಎಚ್ಚರಿಕೆಯ ಕಾಗದ, ಸಂಪರ್ಕ ತೆರೆದಿಟ್ಟಿದ್ದಕ್ಕೆ ಪ್ರಶಸ್ತಿಪತ್ರ, ಎರಡೂ ನನ್ನ ಒಂದೇ ಫೈಲಿನಲ್ಲಿವೆ, ಎರಡಕ್ಕೂ ಒಂದೇ ಸಾಹೇಬರ ಸಹಿ. ತಡವಳದ ಕೊನೆಯ ಸಾಲನ್ನು ಅಳಿಸಿ ಎಂದು ಆಮೇಲೆ ಯಾರೂ ಹೇಳಲಿಲ್ಲ, ಬೇರೆ ಹಳ್ಳಿಗಳಿಗೆ ಮತ್ತೆ ಹಾಕಿ ಎಂದೂ ಹೇಳಲಿಲ್ಲ.

ಈಗ ನಿನಗೆ ಹೇಳಿದೆ, ಹುಡುಗಿ. ಆ ಸಾಲು ತೆಗೆಯಬೇಡ. ಗೋಡೆಯ ಮೇಲಿನ ಚೌಕಟ್ಟನ್ನು ಬೇಕಾದರೆ ತೆಗೆ.

ಸಿದ್ರಾಮ ಈಗಲೂ ವಾರಕ್ಕೊಮ್ಮೆ ಮನೆಗೆ ಫೋನ್ ಮಾಡುತ್ತಾನೆ. ಮೊನ್ನೆ ಕೂಡ ಅರ್ಧ ತಾಸು ಮಾತಾಡಿ, “ಇಡ್ಲೇನ್ರಿ ಅಕ್ಕಾರ?” ಎಂದ.

“ತಡಿ,” ಅಂದೆ. “ಕೆಂಪೆಮ್ಮಿ ಹೆಣ್ಣುಗರ ಹಾಕೇದ. ನಾಗ್ಯಾ ಹೊಸಾ ಮೋಟಾರ್‌ಸೈಕಲ್ ತಂದಾನ. ಹನ್ನೂರ ರಸ್ತಾ ಅಗದಾರ. ನಿನಗ ಮೊಣಕಾಲ ನೋವು, ಸೋಮವಾರ ದವಾಖಾನಿಗಿ ಬರ್ತಿ. ಮತ್ತೇನರ ಬಿಟ್ಟೀನೇನು?”

“ಇಲ್ರಿ ಅಕ್ಕಾರ, ಎಲ್ಲಾ ಬಂತು,” ಎಂದು ನಕ್ಕ. ಆದರೂ ನನ್ನ ಬಾಯಿಂದ ಆ ಪದ ಹೊರಡಲಿಲ್ಲ. ಈಚೆಗೆ ಹಾಗೇ ಆಗುತ್ತದೆ. ಅವನೂ ಇಡಲಿಲ್ಲ.

ಹಿಂದಿನಿಂದ ಮಹಾದೇವಿಯ ಧ್ವನಿ ಕೇಳಿತು. “ಅಕ್ಕಾರಿಗೆ ಇಡ್ರಿ ಅನ್ನಾಕ ಹೇಳ್ರಿ, ರೊಟ್ಟಿ ಆರಾಕತ್ತಾವ.”